ಕೊಹಿನೂರದ ಹೆಚ್ಚುವರಿ ಚೀಟಿಗಳು

ಕೊಹಿನೂರ ಎಂಬ ಹೆಸರು ಕಿವಿಗೆ ಬಿದ್ದೊಡನೆ ಯಾರ ಮನಸ್ಸಿನಲ್ಲಿಯೂ ಮೊದಲು ಹೊಳೆಯುವುದು ವಜ್ರವೇ. ಪಾರಸಿ ಭಾಷೆಯಲ್ಲಿ ಆ ಪದಕ್ಕೆ 'ಬೆಳಕಿನ ಬೆಟ್ಟ' ಎಂದರ್ಥ. 1849ರಲ್ಲಿ ಲಾಹೋರಿನಿಂದ ಆಂಗ್ಲರ ವಶವಾದ ಆ ರತ್ನ ಇಂದಿಗೂ ಲಂಡನ್ನಿನ ಗೋಪುರದಲ್ಲಿದೆ. ಆದರೆ ಬೀದರ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನಲ್ಲಿ ಅದೇ ಹೆಸರನ್ನು ಹೊತ್ತು, ಯಾವ ಕಿರೀಟಕ್ಕೂ ಏರದೆ, ಯಾವ ಕಾವಲೂ ಇಲ್ಲದೆ, ತನ್ನ ಜೋಳ ತೊಗರಿಯ ಹೊಲಗಳ ನಡುವೆ ನೆಮ್ಮದಿಯಾಗಿರುವ ಊರೊಂದುಂಟು. ಅದೊಂದು ಹೋಬಳಿಯ ಕೇಂದ್ರ. ಪ್ರವಾಸದ ಕೈಪಿಡಿಗಳನ್ನು ತಿರುವಿ ಹಾಕುವವರು ಬಸವಕಲ್ಯಾಣದ ಕೋಟೆಯನ್ನೂ ಹುಮನಾಬಾದಿನ ಬಳಿಯ ಮಾಣಿಕನಗರವನ್ನೂ ಬೀದರದ ಗುಮ್ಮಟಗಳನ್ನೂ ಕಂಡಾರು. ಕೊಹಿನೂರವನ್ನು ಕಾಣುವುದು ಅಪೂರ್ವ.

ಇಂತಹ ಊರನ್ನು ಅರಿಯಲು ಕೈಪಿಡಿಗಿಂತ ಒಳ್ಳೆಯ ಸಾಧನವೊಂದಿದೆ: ಆ ಊರಿಗೆ ಬಂದ ಹಳೆಯ ಕಾಗದಗಳು. ಅವುಗಳ ಮೇಲಿನ ಅಂಚೆಚೀಟಿಗಳು, ಚೀಟಿಗಳ ಮೇಲೆ ಬಡಿದ ಠಸ್ಸೆಗಳು, ಲಕೋಟೆಯ ಮೇಲೆ ಬರೆದ ವಿಳಾಸಗಳು, ಇವಿಷ್ಟನ್ನು ಓದಬಲ್ಲವನಿಗೆ ಈ ಸೀಮೆಯ ನೂರು ವರ್ಷದ ಚರಿತ್ರೆ ಅಂಗೈಯ ನೆಲ್ಲಿಕಾಯಿ. ಆದರೆ ಆ ಕಾಗದಗಳಿಗೂ ಈಗ ಸಂತೆಯ ಕಾಲ ಬಂದಿದೆ. ಅಜ್ಜ ಸೇರಿಸಿಟ್ಟ ಚೀಟಿಗಳ ಪುಸ್ತಕವನ್ನು ಮೊಮ್ಮಗ ತೆರೆಯುತ್ತಾನೆ. ಒಂದೇ ಬಗೆಯವು ಹತ್ತು ಹದಿನೈದು ಇರುವುದನ್ನು ಕಾಣುತ್ತಾನೆ. ಒಂದನ್ನಿಟ್ಟುಕೊಂಡು ಉಳಿದವನ್ನು ಮಾರಿದರೆ ಏನು ಬಂದೀತು ಎಂದು ಲೆಕ್ಕ ಹಾಕುತ್ತಾನೆ. ಲೆಕ್ಕ ತಪ್ಪಲ್ಲ. ಆದರೆ ಯಾವುದು ಹೆಚ್ಚುವರಿ, ಯಾವುದು ಅಲ್ಲ ಎಂಬುದನ್ನು ತೀರ್ಮಾನಿಸುವ ವಿದ್ಯೆ ಮಾತ್ರ ಮೇಲುನೋಟಕ್ಕೆ ಕಾಣುವಷ್ಟು ಸುಲಭವಲ್ಲ.

ನಿಜಾಮರ ಟಪಾಲು

ಹಳೆಯ ಮೈಸೂರಿನವರಿಗೆ ಈ ಕಥೆಯ ಮೊದಲ ಅಧ್ಯಾಯವೇ ಹೊಸದಾಗಿ ತೋರೀತು. ಮೈಸೂರು ಸಂಸ್ಥಾನದ 'ಅಂಚೆ' ಬಹು ಪ್ರಾಚೀನವಾದುದು. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದುದು. ಆದರೆ 1889ರಲ್ಲಿ ಅದು ಭಾರತ ಸರಕಾರದ ಟಪಾಲಿನಲ್ಲಿ ಲೀನವಾಯಿತು. ಬೀದರ, ಗುಲಬರ್ಗಾ, ರಾಯಚೂರು ಪ್ರಾಂತಗಳ ಕನ್ನಡಿಗರಾದರೋ ನಿಜಾಮರ ಪ್ರಜೆಗಳು. ಹೈದರಾಬಾದ್ ಸಂಸ್ಥಾನ 1869ರಲ್ಲಿ ತನ್ನ ಮೊದಲನೆಯ ಅಂಚೆಚೀಟಿಯನ್ನು ಹೊರತಂದಿತು. ಒಂದು ಆಣೆಯ, ಆಲಿವ್ ಹಸಿರು ಬಣ್ಣದ ಚೀಟಿ ಅದು. 1871ರಿಂದ ಬೇರೊಂದು ಮಾದರಿ ಬಂದು ದಶಕಗಳ ಕಾಲ ನಡೆಯಿತು. ಮೈಸೂರಿನವರು ಭಾರತ ಸರಕಾರದ ಚೀಟಿಯನ್ನು ಹಚ್ಚುತ್ತಿದ್ದ ಕಾಲದಲ್ಲಿ ಕಲ್ಯಾಣದವರೂ ಹುಮನಾಬಾದಿನವರೂ ನಿಜಾಮರ ಚೀಟಿಯನ್ನು ಹಚ್ಚುತ್ತಿದ್ದರು. ಈ ಪದ್ಧತಿ 1950ರವರೆಗೂ ಮುಂದುವರಿಯಿತು.

ಆ ಚೀಟಿಗೆ ಒಂದು ಸೀಮೆಯಿತ್ತು. ಹೈದರಾಬಾದಿನ ಚೀಟಿ ಸಂಸ್ಥಾನದ ಎಲ್ಲೆಯೊಳಗೆ ಮಾತ್ರ ಸಲ್ಲುತ್ತಿತ್ತು. ಪಟಿಯಾಲಾ, ಗ್ವಾಲಿಯರ್ ಮೊದಲಾದ ಕೆಲವು ಸಂಸ್ಥಾನಗಳು ಒಪ್ಪಂದ ಮಾಡಿಕೊಂಡು, ಭಾರತ ಸರಕಾರದ ಚೀಟಿಗಳ ಮೇಲೆ ತಮ್ಮ ಹೆಸರನ್ನು ಅಚ್ಚೊತ್ತಿಸಿ ಬಳಸುತ್ತಿದ್ದವು. ಅವು ದೇಶದಲ್ಲೆಲ್ಲ ನಡೆಯುತ್ತಿದ್ದವು. ಹೈದರಾಬಾದಿನದು ಆ ಬಗೆಯದಲ್ಲ. ಇದರ ಪರಿಣಾಮವನ್ನು ಈ ಗಡಿಸೀಮೆಯಲ್ಲಿ ನಿಂತು ನೋಡಬೇಕು. ಇಲ್ಲಿಂದ ಪಡುವಣಕ್ಕೆ ಉಮರ್ಗಾ. ಅಂದು ಅದೂ ನಿಜಾಮರ ಉಸ್ಮಾನಾಬಾದ್ ಜಿಲ್ಲೆಯದೇ. ಅಲ್ಲಿಗೆ ಕಾಗದ ಬರೆದರೆ ನಿಜಾಮರ ಚೀಟಿ ಸಾಕು. ಅದೇ ದಾರಿಯಲ್ಲಿ ಇನ್ನಷ್ಟು ದೂರದ ಸೊಲ್ಲಾಪುರ ಮುಂಬಯಿ ಇಲಾಖೆಗೆ ಸೇರಿದುದು. ಅಲ್ಲಿಗೆ ಭಾರತ ಸರಕಾರದ ಚೀಟಿಯೇ ಬೇಕು. ನಾಣ್ಯವೂ ಎರಡು ಬಗೆ: ಸಂಸ್ಥಾನದ್ದು 'ಹಾಲಿ', ಆಂಗ್ಲರದು 'ಕಲ್ದಾರ'. ನೂರು ಕಲ್ದಾರ ರೂಪಾಯಿಗೆ ಸುಮಾರು 116 ಹಾಲಿ ರೂಪಾಯಿ. ಸೊಲ್ಲಾಪುರದ ಪೇಟೆಗೆ ಬರೆಯುವ ವರ್ತಕನೂ ಉಮರ್ಗಾದ ಮಗಳಿಗೆ ಬರೆಯುವ ತಾಯಿಯೂ ಒಂದೇ ಊರಿನವರಾಗಿದ್ದು ಬೇರೆ ಬೇರೆ ರಾಜ್ಯಗಳ ಚೀಟಿಯನ್ನು ಹಚ್ಚಬೇಕಾಗಿತ್ತು. ಒಂದೇ ಮನೆಯ ಪೆಟ್ಟಿಗೆಯಲ್ಲಿ ಎರಡು ಸರಕಾರಗಳ ಚೀಟಿಗಳು ಕಲೆತು ಬಿದ್ದಿದ್ದರೆ ಅದಕ್ಕೆ ಕಾರಣ ಸಂಗ್ರಾಹಕನ ಹವ್ಯಾಸವೇ ಆಗಬೇಕೆಂದಿಲ್ಲ. ಊರು ನಿಂತ ನೆಲೆಯೇ ಕಾರಣವಾಗಿರಬಹುದು.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆಯಿತು. ನಿಜಾಮರ ಆಳ್ವಿಕೆ ಕೊನೆಗೊಂಡಿತು. ಆದರೆ ಚೀಟಿ ಆ ದಿನವೇ ಸಾಯಲಿಲ್ಲ. ಇನ್ನೂ ಒಂದೂವರೆ ವರ್ಷ ಬದುಕಿತ್ತು. ಈ ಮಧ್ಯಕಾಲದ ಲಕೋಟೆಗಳು ವಿಚಿತ್ರವಾದವು: ರಾಜ್ಯ ಹೋಗಿದೆ, ಅದರ ಚೀಟಿ ಇನ್ನೂ ಕಾಗದವನ್ನು ಹೊತ್ತು ನಡೆಯುತ್ತಿದೆ. ಅನಂತರ ಸಂಸ್ಥಾನದ ಟಪಾಲು ಭಾರತದ ಅಂಚೆಯಲ್ಲಿ ಬೆರೆಯಿತು.

ಎರಡನೆಯದು ಎರಡನೆಯದಲ್ಲ

ಈಗ ಅಜ್ಜನ ಪುಸ್ತಕವನ್ನು ತೆರೆದು ಕುಳಿತ ಮೊಮ್ಮಗನ ಕಡೆ ತಿರುಗಬಹುದು. ಅವನು ಬಸವಕಲ್ಯಾಣ ತಾಲ್ಲೂಕಿನ ಯಾವುದೇ ಊರಿನ ಯಾವುದೇ ಮನೆಯವನಾಗಿರಲಿ. ಓದು ಮುಗಿಸಿ ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ಉದ್ಯೋಗದಲ್ಲಿರುವವನು, ಹಬ್ಬಕ್ಕೆ ಊರಿಗೆ ಬಂದವನು ಎಂದು ಊಹಿಸಿಕೊಳ್ಳೋಣ. ಅವನೆದುರಿಗೆ 1871ರ ಮಾದರಿಯ ಅರ್ಧ ಆಣೆಯ ಕಂದು ಚೀಟಿಗಳು ಹನ್ನೆರಡಿವೆ. ಕಣ್ಣಿಗೆ ಹನ್ನೆರಡೂ ಒಂದೇ. ಹನ್ನೊಂದನ್ನು ಮಾರಬಹುದೆಂದು ಅವನ ಎಣಿಕೆ.

ಮೊದಲು ಅಂಚನ್ನು ನೋಡಬೇಕು. ಚೀಟಿಯ ಅಂಚಿನ ಹಲ್ಲುಗಳನ್ನು ಎರಡು ಸೆಂಟಿಮೀಟರಿಗೆ ಇಷ್ಟು ಎಂದು ಎಣಿಸುವುದು ಸಂಗ್ರಾಹಕರ ರೂಢಿ; ಅದಕ್ಕೆಂದೇ ಗುರುತು ಹಾಕಿದ ಅಳತೆಪಟ್ಟಿ ಸಿಗುತ್ತದೆ. ಈ ಮಾದರಿಯ ಚೀಟಿಗಳಲ್ಲಿ ಹನ್ನೊಂದೂವರೆ ಹಲ್ಲಿನವೂ ಹನ್ನೆರಡೂವರೆಯವೂ ಇವೆ. ಬಣ್ಣದಲ್ಲಿ ಕಿತ್ತಳೆಗಂದಿನಿಂದ ಇಟ್ಟಿಗೆಗೆಂಪಿನವರೆಗೆ ಛಾಯಾಭೇದಗಳಿವೆ. ಆದುದರಿಂದ ಹನ್ನೆರಡರಲ್ಲಿ ನಾಲ್ಕೈದು ಬೇರೆ ಬೇರೆ ಜಾತಿಗಳು ಅಡಗಿರಬಹುದು. ಕಾಗದವನ್ನು ಬೆಳಕಿಗೆ ಹಿಡಿದರೆ ತೆಳುವಾದ ಜಾಗ, ಹರಿದು ಅಂಟಿಸಿದ ಗುರುತು, ಒಳಗಿನ ಬಿರುಕು ಎಲ್ಲವೂ ಕಾಣುತ್ತವೆ. ಹಿಂಬದಿಯ ಗೋಂದು ಇದೆಯೇ, ಮೂಲೆ ಪೂರ್ಣವಾಗಿದೆಯೇ, ಚಿತ್ರ ನಡುವಿಗೆ ಸರಿಯಾಗಿ ಬಿದ್ದಿದೆಯೇ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಬೇಸಗೆಯ ಬಿಸಿಲಿಗೂ ಮಳೆಗಾಲದ ತೇವಕ್ಕೂ ಸಿಕ್ಕಿದ ಕಾಗದದಲ್ಲಿ ಕಂದು ಚುಕ್ಕೆಗಳು ಏಳುವುದುಂಟು. ಅಂತಹ ಚೀಟಿಯ ಬೆಲೆ ಕುಸಿಯುತ್ತದೆ.

ಅಂಚಿಗಿಂತ ಹೆಚ್ಚಿನ ಮಾತು ಠಸ್ಸೆಯದು. ಚೀಟಿಯನ್ನು ಮುದ್ರಿಸಿದವರು ಲಕ್ಷಗಟ್ಟಲೆ ಪ್ರತಿಗಳನ್ನು ಮುದ್ರಿಸಿರುತ್ತಾರೆ. ಆದರೆ ಒಂದು ಸಣ್ಣ ಊರಿನ ಟಪಾಲು ಕಚೇರಿಯಲ್ಲಿ, ಒಂದು ನಿರ್ದಿಷ್ಟ ದಿನ, ಒಬ್ಬ ಪೋಸ್ಟ್‌ಮಾಸ್ತರನ ಕೈಯಿಂದ ಸ್ಪಷ್ಟವಾಗಿ ಬಿದ್ದ ಠಸ್ಸೆ ಎಷ್ಟು ಉಳಿದೀತು? ರಾಜಧಾನಿಯ ಠಸ್ಸೆಯುಳ್ಳ ಚೀಟಿ ಎಲ್ಲರಲ್ಲಿಯೂ ಇರುತ್ತದೆ. ದೂರದ ಹಳ್ಳಿಯದು ಹುಡುಕಿದರೂ ಸಿಗದು. ಮುಂಬಯಿಯ ಜಾಲ್ ಕೂಪರರಂತಹ ಪ್ರಸಿದ್ಧ ಸಂಗ್ರಾಹಕರು ಭಾರತದ ಆದಿಕಾಲದ ಠಸ್ಸೆಗಳನ್ನೇ ವಿಷಯವಾಗಿಟ್ಟುಕೊಂಡು ಗ್ರಂಥ ರಚಿಸಿರುವುದು ಸುಮ್ಮನಲ್ಲ. ಚೀಟಿಯ ಚಿತ್ರ ಸಂಸ್ಥಾನದ್ದು. ಠಸ್ಸೆ ಮಾತ್ರ ಊರಿನದು.

ಆದುದರಿಂದ ಸಂಗ್ರಹವನ್ನು ಮಾರಹೊರಟವರು ಮಾಡಬಾರದ ಕೆಲಸವೊಂದಿದೆ. ಲಕೋಟೆಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ ಚೀಟಿಗಳನ್ನು ಬಿಡಿಸಬಾರದು. ಹಿಂದಿನ ತಲೆಮಾರಿನ ಹುಡುಗರೆಲ್ಲ ಇದನ್ನೇ ಮಾಡಿದರು. ಬಟ್ಟಲಲ್ಲಿ ನೀರು, ಹಳೆಯ ಪತ್ರಿಕೆಯ ಮೇಲೆ ಒಣಗಲು ಇಟ್ಟ ಚೀಟಿಗಳು, ಮೂಲೆಯಲ್ಲಿ ಹರಿದೆಸೆದ ಲಕೋಟೆಗಳು. ಠಸ್ಸೆಯ ಅರ್ಧ ಚೀಟಿಯ ಮೇಲೆ ಬಿದ್ದಿದ್ದರೆ ಇನ್ನರ್ಧ ಲಕೋಟೆಯ ಮೇಲಿರುತ್ತದೆ. ಊರಿನ ಹೆಸರು ಅಲ್ಲಿಯೇ ಉಳಿಯುತ್ತದೆ, ಇಲ್ಲವೆ ಅಲ್ಲಿಯೇ ಹೋಗುತ್ತದೆ. ಲಂಡನ್ನಿನ ಕೊಹಿನೂರವನ್ನು 1852ರಲ್ಲಿ ಮತ್ತೆ ಕೊರೆದರು. ಸುಮಾರು 186 ಕ್ಯಾರೆಟ್ ಇದ್ದುದು 105ಕ್ಕೆ ಇಳಿಯಿತು, ಆದರೂ ಹೊಳಪು ಹೆಚ್ಚಿತೆಂದು ಸಮಾಧಾನಪಟ್ಟರು. ಚೀಟಿಯ ವಿಷಯದಲ್ಲಿ ಆ ಸಮಾಧಾನವೂ ಇಲ್ಲ.

ವಿಳಾಸವೇ ಪಂಚಾಂಗ

ಲಕೋಟೆಯನ್ನು ಉಳಿಸಿಕೊಂಡವನಿಗೆ ಮತ್ತೊಂದು ಲಾಭವುಂಟು. ಠಸ್ಸೆಯ ದಿನಾಂಕ ಮಸುಕಾಗಿದ್ದರೂ ವಿಳಾಸವೇ ಕಾಲವನ್ನು ಹೇಳುತ್ತದೆ. ಕೊಹಿನೂರ ತನ್ನ ಜಾಗದಿಂದ ಒಂದು ಗೇಣೂ ಕದಲಲಿಲ್ಲ. ಆದರೆ ಅದರ ವಿಳಾಸ ಮತ್ತೆ ಮತ್ತೆ ಬದಲಾಯಿತು. ಮೊದಲು ನಿಜಾಮರ ಸಂಸ್ಥಾನ. 1948ರ ಬಳಿಕ ಭಾರತದ ಹೈದರಾಬಾದ್ ರಾಜ್ಯ. 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ. 1973ರ ನವೆಂಬರ್ 1ರಿಂದ ಕರ್ನಾಟಕ. ತಾಲ್ಲೂಕಿನ ಮುಖ್ಯ ಪಟ್ಟಣವನ್ನು ನಿಜಾಮರ ಕಾಲದಲ್ಲಿ 'ಕಲ್ಯಾಣಿ' ಎನ್ನುತ್ತಿದ್ದರು. 'ಬಸವಕಲ್ಯಾಣ' ಎಂಬುದು ಆಮೇಲೆ ಬಂದ ಹೆಸರು. 1957ರ ಏಪ್ರಿಲ್ 1ರಿಂದ ಆಣೆ ಹೋಗಿ ನಯೇ ಪೈಸೆ ಬಂದಿತು. 1972ರ ಆಗಸ್ಟ್ 15ರಿಂದ ಆರು ಅಂಕೆಯ ಪಿನ್ ಕೋಡು ಬಂದು, ಈ ಭಾಗದ ವಿಳಾಸಗಳ ಕೊನೆಗೆ 585 ಎಂಬ ಅಂಕೆಗಳು ಸೇರಿಕೊಂಡವು. 'ಮೈಸೂರು ರಾಜ್ಯ' ಎಂದು ಬರೆದು ಪಿನ್ ಕೋಡನ್ನೂ ಬರೆದ ಲಕೋಟೆ ಸಿಕ್ಕಿದರೆ, ಬರೆದವರು ಹೊಸ ಹೆಸರಿಗೆ ಇನ್ನೂ ಒಗ್ಗದವರಲ್ಲದಿದ್ದರೆ, ಅದು 1972ರ ಆಗಸ್ಟಿಗೂ 1973ರ ಅಕ್ಟೋಬರಿಗೂ ನಡುವಿನದು.

ಕಲ್ಯಾಣದ ಹೆಸರು ಬಂದಾಗ ಇನ್ನೊಂದು ಮಾತು ನೆನಪಾಗುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ರಾಜಧಾನಿಯಾದ ಈ ಪಟ್ಟಣದಲ್ಲಿಯೇ, ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ 'ಮಿತಾಕ್ಷರ'ವನ್ನು ಬರೆದನು. ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಆ ವ್ಯಾಖ್ಯಾನ ತಂದೆ ತಾತಂದಿರ ಆಸ್ತಿಯನ್ನು ಮಕ್ಕಳು ಹೇಗೆ ಹಂಚಿಕೊಳ್ಳಬೇಕೆಂಬುದಕ್ಕೆ ಭಾರತದ ಬಹುಭಾಗದಲ್ಲಿ ಶತಮಾನಗಳ ಕಾಲ ಪ್ರಮಾಣವಾಗಿತ್ತು. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಭಾಗ ದೊರೆಯಿತು. ಹೊಲವನ್ನು ಗುಂಟೆಗಳಲ್ಲಿ ಅಳೆಯಬಹುದು, ಮನೆಯ ನಡುವೆ ಗೋಡೆ ಎಬ್ಬಿಸಬಹುದು, ಬೆಳ್ಳಿಯ ತಟ್ಟೆಯನ್ನು ತೂಗಬಹುದು. ಚೀಟಿಗಳ ಪುಸ್ತಕವನ್ನು ಮೂರು ಪಾಲು ಮಾಡಿದರೆ ಮೂರು ಪಾಲೂ ಬಡವಾಗುತ್ತವೆ. ಒಂದು ಸರಣಿಯಲ್ಲಿ ಎಂಟು ಚೀಟಿಗಳಿದ್ದು ಎಂಟೂ ಜೊತೆಗಿದ್ದರೆ ಬರುವ ಬೆಲೆಯೇ ಬೇರೆ. ಮೂರು, ಮೂರು, ಎರಡು ಎಂದು ಹಂಚಿದರೆ ಬರುವುದೇ ಬೇರೆ. ವಿಜ್ಞಾನೇಶ್ವರನ ಊರಿನಲ್ಲಿ ಇಂತಹ ಪಾಲಿನ ಪ್ರಶ್ನೆ ಎದ್ದರೆ, ಮೊದಲು ಹೆಚ್ಚುವರಿಯನ್ನು ಬೇರ್ಪಡಿಸಿ ಅದರ ಹಣವನ್ನು ಹಂಚಿಕೊಂಡು, ಮೂಲ ಸಂಗ್ರಹವನ್ನು ಒಬ್ಬರ ಕೈಯಲ್ಲಿ ಇಡುವುದೇ ಜಾಣತನ. ಹೆಚ್ಚುವರಿಗಳ ಮಾರಾಟಕ್ಕೆ ಇದಕ್ಕಿಂತ ಯೋಗ್ಯವಾದ ಕಾರಣ ಮತ್ತೊಂದಿಲ್ಲ.

ಪಟ್ಟಿಯ ಬೆಲೆ, ಪೇಟೆಯ ಬೆಲೆ

ಬೆಲೆಯನ್ನು ತಿಳಿಯುವುದು ಹೇಗೆ? ಲಂಡನ್ನಿನ ಸ್ಟ್ಯಾನ್ಲಿ ಗಿಬ್ಬನ್ಸ್, ಅಮೆರಿಕದ ಸ್ಕಾಟ್ ಮೊದಲಾದ ಸಂಸ್ಥೆಗಳ ಬೆಲೆಪಟ್ಟಿಗಳಿವೆ. ಭಾರತದ ಚೀಟಿಗಳಿಗೆಂದೇ ದೇಶದಲ್ಲಿಯೂ ಪಟ್ಟಿಗಳು ಪ್ರಕಟವಾಗುತ್ತವೆ. ಹೊಸಬನು ಎಡವುವುದು ಇಲ್ಲಿಯೇ. ಗಿಬ್ಬನ್ಸರ ಪಟ್ಟಿಯಲ್ಲಿರುವುದು ನಿರ್ದೋಷವಾದ ಚೀಟಿಯನ್ನು ಅಂಗಡಿಯವನು ಗಿರಾಕಿಗೆ ಮಾರುವ ಬೆಲೆ. ಗಿರಾಕಿಯಿಂದ ಕೊಳ್ಳುವ ಬೆಲೆಯಲ್ಲ. ಅತಿ ಸಾಮಾನ್ಯವಾದ ಚೀಟಿಗೂ ಪಟ್ಟಿಯಲ್ಲಿ ಏನಾದರೊಂದು ಕನಿಷ್ಠ ಬೆಲೆ ಕಾಣಿಸಿರುತ್ತದೆ. ಅದು ಚೀಟಿಯ ಯೋಗ್ಯತೆಯಲ್ಲ, ಹುಡುಕಿ ಕೊಡುವ ಶ್ರಮದ ಕೂಲಿ. ಐನೂರು ಸಾಮಾನ್ಯ ಚೀಟಿಗಳಿಗೆ ಆ ಕನಿಷ್ಠ ಬೆಲೆಯನ್ನು ಗುಣಿಸಿ, ಅಂಗಡಿಯವನು ಅದರ ಹತ್ತರಲ್ಲೊಂದು ಪಾಲನ್ನೂ ಕೊಡದಿದ್ದಾಗ ಮೋಸವಾಯಿತೆಂದು ಕೊರಗುವವರಿದ್ದಾರೆ. ಮೋಸವಲ್ಲ, ಲೆಕ್ಕದ ವ್ಯತ್ಯಾಸ.

ಹಳೆಯದೆಲ್ಲ ದುಬಾರಿ ಎಂಬುದೂ ಭ್ರಮೆಯೇ. ಜಗತ್ತಿನ ಮೊದಲ ಅಂಚೆಚೀಟಿ 1840ರ 'ಪೆನ್ನಿ ಬ್ಲ್ಯಾಕ್'; ಅದನ್ನು ಸುಮಾರು 6 ಕೋಟಿ 80 ಲಕ್ಷ ಪ್ರತಿ ಅಚ್ಚು ಹಾಕಿದ್ದರು. ಅಷ್ಟು ಹಳೆಯದಾದರೂ ಅದು ಅತಿ ವಿರಳವಾದುದಲ್ಲ. ಇದಕ್ಕೆ ಎದುರಾಗಿ 1948ರ ಆಗಸ್ಟ್ 15ರಂದು ಹೊರಬಂದ ಹತ್ತು ರೂಪಾಯಿಯ ಗಾಂಧೀ ಚೀಟಿಯನ್ನು ನೋಡಬಹುದು. ಗವರ್ನರ್ ಜನರಲರ ಕಚೇರಿಗೆಂದು 'ಸರ್ವಿಸ್' ಎಂಬ ಅಕ್ಷರಗಳನ್ನು ಅಚ್ಚೊತ್ತಿದ ಕೆಲವೇ ಪ್ರತಿಗಳು ಹುಟ್ಟಿದವು. ಅಂತಹ ನಾಲ್ಕು ಚೀಟಿಗಳು ಕೂಡಿಕೊಂಡಿದ್ದ ಒಂದು ತುಂಡು 2017ರಲ್ಲಿ ಐದು ಲಕ್ಷ ಪೌಂಡಿಗೆ ಮಾರಾಟವಾಯಿತು. ಅದೇ ಗಾಂಧೀ ಚೀಟಿ, ಆ ಒಂದು ಪದವಿಲ್ಲದಿದ್ದರೆ, ಅದರ ಹತ್ತಿರಕ್ಕೂ ಬರುವುದಿಲ್ಲ. 1967ರ ಮೇ 11ರಂದು ಬಸವೇಶ್ವರರ ಎಂಟನೆಯ ಶತಮಾನೋತ್ಸವಕ್ಕೆಂದು 15 ಪೈಸೆಯ ಚೀಟಿ ಹೊರಟಿತು. ಕಲ್ಯಾಣದ ಸೀಮೆಯ ಮನೆಗಳಲ್ಲಿ ಭಕ್ತಿಯಿಂದ ಅದನ್ನು ಎತ್ತಿಟ್ಟಿದ್ದರೆ ಸೋಜಿಗವಿಲ್ಲ. ಪೇಟೆಯಲ್ಲಿ ಅದರ ಬೆಲೆ ಅಲ್ಪ. ಆದರೆ ಅದೇ ಚೀಟಿಯನ್ನು ಹಚ್ಚಿ, ಬಸವಕಲ್ಯಾಣದ ಠಸ್ಸೆ ಬಿದ್ದು, ನಿಜವಾಗಿ ಅಂಚೆಯಲ್ಲಿ ಸಾಗಿಹೋದ ಕಾಗದವನ್ನು ಹುಡುಕಿ ನೋಡಿದರೆ ಅದು ಎಷ್ಟು ದುರ್ಲಭವೆಂಬುದು ತಿಳಿದೀತು.

ಎರಡನೆಯ ಪ್ರತಿಯ ಭಯಕ್ಕೆ ಒಂದು ದಂತಕಥೆಯೂ ಇದೆ. 1856ರ ಬ್ರಿಟಿಷ್ ಗಯಾನಾದ ಒಂದು ಸೆಂಟಿನ ಕೆನ್ನೀಲಿಗೆಂಪು ಚೀಟಿ ಜಗತ್ತಿನಲ್ಲಿ ಒಂದೇ ಒಂದು ಉಳಿದಿದೆ. 2014ರಲ್ಲಿ ಸುಮಾರು 95 ಲಕ್ಷ ಡಾಲರಿಗೆ ಹರಾಜಾಯಿತು. ಅದರ ಹಿಂದಿನ ಒಡೆಯನಾದ ಆರ್ಥರ್ ಹಿಂಡ್ ಎಂಬ ಅಮೆರಿಕದ ಶ್ರೀಮಂತನ ಬಳಿಗೆ ಯಾರೋ ಎರಡನೆಯ ಪ್ರತಿಯನ್ನು ತಂದರಂತೆ. ಆತ ಹಣ ಕೊಟ್ಟು ಕೊಂಡು, ಅಲ್ಲಿಯೇ ಬೆಂಕಿ ಹಚ್ಚಿ ಸುಟ್ಟನಂತೆ. ಕಥೆ ನಿಜವೆಂಬುದಕ್ಕೆ ಆಧಾರ ಸಿಕ್ಕಿಲ್ಲ. ಆದರೂ ಸಂಗ್ರಾಹಕರು ಅದನ್ನು ಬಿಡದೆ ಹೇಳುತ್ತಾರೆ. ಪೇಟೆಗೆ ಬೇಕಾದುದು ವಸ್ತುವಲ್ಲ, ವಸ್ತುವಿನ ಅಭಾವ ಎಂಬುದು ಅದರ ಹುರುಳು.

ಮಾರುವ ದಾರಿಗಳು ಮೂರು. ಇಡಿಯಾಗಿ ಒಬ್ಬ ವ್ಯಾಪಾರಿಗೆ ಕೊಡುವುದು. ಹಣ ಬೇಗ ಬರುತ್ತದೆ, ಕಡಿಮೆ ಬರುತ್ತದೆ. ಹರಾಜಿಗೆ ಒಪ್ಪಿಸುವುದು, ಒಳ್ಳೆಯ ಚೀಟಿಗೆ ನ್ಯಾಯ ಸಿಗುತ್ತದೆ, ಆದರೆ ಹರಾಜುದಾರನ ಕಮಿಷನ್ನೂ ಕಾಯುವ ತಾಳ್ಮೆಯೂ ಬೇಕು. ಮೂರನೆಯದು, ಸಂಗ್ರಾಹಕರ ಸಂಘದಲ್ಲಿ ವಿನಿಮಯ. ಬೆಂಗಳೂರಿನಲ್ಲಿ ಕರ್ನಾಟಕ ಫಿಲಾಟೆಲಿಕ್ ಸೊಸೈಟಿಯಿದೆ; ಅಂಚೆ ಇಲಾಖೆ 'ಕರ್ನಾಪೆಕ್ಸ್' ಎಂಬ ಹೆಸರಿನಲ್ಲಿ ರಾಜ್ಯಮಟ್ಟದ ಪ್ರದರ್ಶನಗಳನ್ನು ನಡೆಸಿದೆ. ಬಲ್ಲವರಿಗೆ ತೋರಿಸಿದ ಮೇಲೆಯೇ ಮಾರುವುದು ಕ್ಷೇಮ. ಹೈದರಾಬಾದಿನ ಮೊದಲ ಚೀಟಿಗಳಿಗೆ ಪುನರ್ಮುದ್ರಣಗಳೂ ಇವೆಯಾದುದರಿಂದ ಬರಿಗಣ್ಣಿನ ತೀರ್ಪು ಸಾಲದು.

ಬೀದರದವರೆಗೆ

ಕೊಹಿನೂರದಿಂದ ಹೊರಟ ಪ್ರವಾಸಿ ಬಸವಕಲ್ಯಾಣದ ಕೋಟೆಯನ್ನು ನೋಡಿ, ಸಸ್ತಾಪುರ ಬಂಗ್ಲಾದ ಬಳಿ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯನ್ನು ಸೇರಿ ಹುಮನಾಬಾದಿಗೆ ಬರಬಹುದು. ವೀರಭದ್ರೇಶ್ವರನ ಗುಡಿ, ಮಾಣಿಕಪ್ರಭುಗಳ ಸಂಸ್ಥಾನ, ಸಮೀಪದ ಜಲಸಂಗ್ವಿಯ ಚಾಲುಕ್ಯ ಶಿಲ್ಪಗಳು ಇಲ್ಲಿಯ ನೋಟಗಳು. 2017ರ ಅಕ್ಟೋಬರಿನಲ್ಲಿ ಬೀದರ–ಕಲಬುರಗಿ ರೈಲುಮಾರ್ಗ ತೆರೆದ ಮೇಲೆ ಹುಮನಾಬಾದಿಗೆ ರೈಲೂ ಬಂದಿದೆ. ಅಲ್ಲಿಂದ ಬೀದರ ಕೆಲವೇ ಹರದಾರಿ.

ಬೀದರದಲ್ಲಿ ಮಹಮೂದ್ ಗವಾನನ ಮದರಸಾದ ಎದುರು ಪ್ರವಾಸಿ ನಿಲ್ಲಲೇಬೇಕು. ಪಾರಸಿಕ ದೇಶದ ಗೀಲಾನಿನಿಂದ ಬಂದು ಬಹಮನಿ ಸುಲ್ತಾನರ ಮಂತ್ರಿಯಾದ ಗವಾನ 1472ರಲ್ಲಿ ಕಟ್ಟಿಸಿದ ವಿದ್ಯಾಪೀಠವಿದು. ಉಳಿದಿರುವುದು ಒಂದೇ ಮಿನಾರು. ಮತ್ತೊಂದೂ ಕಟ್ಟಡದ ಒಂದು ಭಾಗವೂ ಮೊಗಲರ ಕಾಲದ ಸ್ಫೋಟದಲ್ಲಿ ಹಾರಿಹೋದವು. ಗೋಡೆಯ ಮೇಲೆ ಅಲ್ಲಲ್ಲಿ ನೀಲಿ ಹಸಿರು ಹಂಚಿನ ಕೆಲಸ ಇನ್ನೂ ಮಿನುಗುತ್ತಿದೆ.

1931ರಲ್ಲಿ ಹೈದರಾಬಾದ್ ಸಂಸ್ಥಾನ ಎಂಟು ಚೀಟಿಗಳ ಚಿತ್ರಸರಣಿಯೊಂದನ್ನು ಹೊರತಂದಿತು. ಒಂದು ಆಣೆಗೆ ಚಾರ್ ಮಿನಾರು, ಎರಡು ಆಣೆಗೆ ಹೈಕೋರ್ಟು, ನಾಲ್ಕು ಆಣೆಗೆ ಉಸ್ಮಾನ್ ಸಾಗರ, ಎಂಟು ಆಣೆಗೆ ಅಜಂತೆಯ ಪ್ರವೇಶ, ಒಂದು ರೂಪಾಯಿಗೆ ದೌಲತಾಬಾದಿನ ವಿಜಯಸ್ತಂಭ. ಹನ್ನೆರಡು ಆಣೆಯ ಕಡುಗೆಂಪು ಚೀಟಿಯಲ್ಲಿರುವುದು 'ಬೀದರ್ ಕಾಲೇಜು', ಅಂದರೆ ಈ ಮದರಸಾ. ಇಂದು ಕರ್ನಾಟಕಕ್ಕೆ ಸೇರಿದ ಸ್ಥಳವೊಂದು ಆ ಸರಣಿಯಲ್ಲಿ ಕಾಣುವುದು ಇದೊಂದರಲ್ಲಿಯೇ. ಹನ್ನೆರಡು ಆಣೆ ಅಂದು ಸಣ್ಣ ಮೊತ್ತವಲ್ಲ. ಸಾಮಾನ್ಯನ ಕುಶಲಪತ್ರಕ್ಕೆ ಅದನ್ನು ಹಚ್ಚುವ ಪ್ರಸಂಗವೇ ಇಲ್ಲ; ಭಾರವಾದ ಪಾರ್ಸೆಲ್ಲಿಗೋ ಬೆಲೆಯುಳ್ಳ ದಸ್ತಾವೇಜಿಗೋ ಬೇಕಾದೀತು. ಆದುದರಿಂದ ಬೀದರ ಜಿಲ್ಲೆಯ ಜನರೇ ತಮ್ಮ ಊರಿನ ಚಿತ್ರವುಳ್ಳ ಚೀಟಿಯನ್ನು ಕೈಯಾರೆ ಹಚ್ಚಿದ್ದು ತೀರ ಅಪರೂಪವಾಗಿದ್ದೀತು. ಅವರ ಕೈಗೆ ಹೆಚ್ಚಾಗಿ ಬಂದುದು ಕಡಿಮೆ ಬೆಲೆಯ ಚೀಟಿಗಳೇ.

ಈ ಭಾಗದ ಯಾವ ಮನೆಯ ಪುಸ್ತಕದಲ್ಲಾದರೂ ಆ ಕೆಂಪು ಚೀಟಿ ಎರಡಿದ್ದರೆ ಒಂದನ್ನು ಮಾರಿದರೆ ಯಾರೂ ಆಕ್ಷೇಪಿಸಲಾರರು. ಮನೆಯ ಮಗುವಿನ ಶಾಲೆಯ ಶುಲ್ಕಕ್ಕೆ ಆ ಹಣ ಸಂದರೆ ಚೀಟಿಯ ಜನ್ಮ ಸಾರ್ಥಕವೇ. ಆದರೆ ಮಾರುವ ಮುನ್ನ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಭೂತಗನ್ನಡಿಯಲ್ಲಿ ನೋಡಬೇಕು. ಒಂದರ ಮೂಲೆಯಲ್ಲಿ ಹೈದರಾಬಾದಿನ ಠಸ್ಸೆ ಇದ್ದು, ಇನ್ನೊಂದರಲ್ಲಿ ಕಲ್ಯಾಣಿ ಎಂದೋ ಹುಮನಾಬಾದ್ ಎಂದೋ ಅಕ್ಷರಗಳು ತುಂಡುತುಂಡಾಗಿ ಕಂಡರೆ, ಪೇಟೆಗೆ ಹೋಗಬೇಕಾದುದು ಮೊದಲನೆಯದು. ಎರಡನೆಯದನ್ನು ಅದರ ಲಕೋಟೆಯ ಸಮೇತ ಒಣಗಿದ ಕಾಗದದಲ್ಲಿ ಸುತ್ತಿ, ಬಿಸಿಲು ತೇವ ತಾಗದ ಕಡೆ ಇಟ್ಟು, ಅದು ಯಾರಿಂದ ಯಾರಿಗೆ ಬಂದುದೆಂಬುದನ್ನು ಮನೆಯ ಹಿರಿಯರು ಇರುವಾಗಲೇ ಕೇಳಿ ಪಕ್ಕದಲ್ಲಿ ಬರೆದಿಡಬೇಕು. ಆ ಬರಹಕ್ಕೆ ಯಾವ ಪಟ್ಟಿಯಲ್ಲಿಯೂ ಬೆಲೆ ಕಾಣಿಸಿಲ್ಲ; ಹಿರಿಯರು ಹೋದ ಮೇಲೆ ಯಾವ ಬೆಲೆಗೂ ಅದು ಸಿಗುವುದಿಲ್ಲ.